ಮನಸ್ಸಿನ ಚಿಕಿತ್ಸೆಯೂ ಮನೆಯ ಲೆಕ್ಕವೂ

ನಮ್ಮ ಸೀಮೆಯ ಗೃಹಸ್ಥರು ಲೆಕ್ಕಾಚಾರದಲ್ಲಿ ಹಿಂದೆ ಬಿದ್ದವರೆಂದು ಯಾರೂ ಹೇಳಲಾರರು. ಕೊಳವೆಬಾವಿ ತೋಡಿಸಬೇಕಾದರೆ ಅಡಿಗೆ ಎಷ್ಟು, ಕೇಸಿಂಗ್ ಪೈಪು ಯಾರದು, ಆಳಕ್ಕೆ ಹೋದಂತೆಲ್ಲ ದರ ಏರುವುದೋ ಇಲ್ಲವೋ, ಲಾರಿ ಬಂದು ಹೋಗುವ ಖರ್ಚು ಯಾರ ತಲೆಯ ಮೇಲೆ ಎಂಬುದನ್ನೆಲ್ಲ ಮೊದಲೇ ಮಾತಾಡಿ, ನಾಲ್ಕು ಜನರೆದುರಿಗೆ ನಿಶ್ಚಯಮಾಡಿಕೊಂಡ ಮೇಲೆಯೇ ಯಂತ್ರವನ್ನು ಹೊಲಕ್ಕೆ ಬಿಡುತ್ತಾರೆ. ಮದುವೆಗೆ ಓಲಗದವರನ್ನು ಗೊತ್ತುಮಾಡುವಾಗಲೂ ಇದೇ ಎಚ್ಚರ. ಇಷ್ಟು ಜಾಗರೂಕರಾದ ಈ ಜನರೇ, ಮನೆಯಲ್ಲಿ ಒಬ್ಬರಿಗೆ ನಿದ್ರೆ ಕೆಟ್ಟು, ಊಟ ಸೇರದೆ, ಮಾತು ಬೇಡವಾಗಿ, ಕಡೆಗೆ ಖಾಸಗಿ ಆಪ್ತಸಮಾಲೋಚಕರೊಬ್ಬರ ಬಾಗಿಲನ್ನು ತಟ್ಟಬೇಕಾಗಿ ಬಂದಾಗ ಹಣದ ಮಾತನ್ನೇ ಎತ್ತುವುದಿಲ್ಲ. ದುಃಖವನ್ನು ಹೇಳಿಕೊಳ್ಳಲು ಹೋದ ಕಡೆ ದರ ಕೇಳುವುದೇ ಎಂಬ ಸಂಕೋಚ ಒಂದು. ಈ ವಿಷಯ ಆದಷ್ಟು ಬೇಗ ಮುಗಿದು ಯಾರಿಗೂ ತಿಳಿಯದೆ ಹೋಗಲಿ ಎಂಬ ಆತುರ ಇನ್ನೊಂದು.

ಇದರ ಪರಿಣಾಮ ಬಹುಮಟ್ಟಿಗೆ ಒಂದೇ. ಎರಡು ಭೇಟಿ ಆಗುತ್ತದೆ, ಮೂರನೆಯದಕ್ಕೆ ಕೈಯಲ್ಲಿ ಹಣವಿಲ್ಲ. ಅಥವಾ ಇನ್ನೆಷ್ಟು ಸಲ ಹೋಗಬೇಕೋ ತಿಳಿಯದು. ಹೇಳದೆ ಕೇಳದೆ ನಿಲ್ಲಿಸಿಬಿಡುತ್ತಾರೆ. ಮನಸ್ಸಿನ ಚಿಕಿತ್ಸೆಯಲ್ಲಿ ಅತ್ಯಂತ ದುಬಾರಿಯಾದದ್ದು ಈ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯೇ ಎಂದು ನಾವು ಭಾವಿಸುತ್ತೇವೆ. ಕೊಟ್ಟ ಹಣವೂ ಹೋಯಿತು, ಕಷ್ಟವೂ ಉಳಿಯಿತು; ಅದರ ಮೇಲೆ ‘ಅದನ್ನೂ ಮಾಡಿ ನೋಡಿದ್ದಾಯಿತು’ ಎಂಬ ನಿರಾಶೆಯೊಂದು ಹೊಸದಾಗಿ ಸೇರಿಕೊಂಡಿತು. ಆ ಮನುಷ್ಯನನ್ನು ಎರಡನೆಯ ಸಲ ಹೊರಡಿಸುವುದು ಮೊದಲನೆಯ ಸಲಕ್ಕಿಂತ ಹತ್ತು ಪಾಲು ಕಷ್ಟ. ಆದುದರಿಂದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮನೆಗಳವರು ಮೊದಲನೆಯ ಭೇಟಿಗೆ ಮುಂಚೆಯೇ ಏನೇನನ್ನು ಕೇಳಿಕೊಳ್ಳಬೇಕು, ಏನೇನನ್ನು ಲೆಕ್ಕಹಾಕಿಕೊಳ್ಳಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳಬೇಕು. ಮನೋವೈದ್ಯರೆಂದರೆ ವೈದ್ಯಶಾಸ್ತ್ರವನ್ನು ಓದಿ ಅನಂತರ ಮನೋರೋಗಗಳಲ್ಲಿ ವಿಶೇಷ ವ್ಯಾಸಂಗ ಮಾಡಿದವರು. ಔಷಧ ಬರೆದುಕೊಡುವ ಅಧಿಕಾರ ಇವರದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಿ, ಅದರ ಮೇಲೆ ಆಸ್ಪತ್ರೆಗಳಲ್ಲಿ ವಿಶೇಷ ಶಿಕ್ಷಣ ಪಡೆದವರು. ಇವರು ಔಷಧ ಬರೆಯುವುದಿಲ್ಲ; ಮಾತಿನಿಂದಲೂ ಅಭ್ಯಾಸಗಳಿಂದಲೂ ಚಿಕಿತ್ಸೆ ಮಾಡುತ್ತಾರೆ. ೧೯೯೨ರ ಶಾಸನದ ಮೇರೆಗೆ ನಡೆಯುವ ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಇವರ ಹೆಸರೂ ನೋಂದಣಿ ಸಂಖ್ಯೆಯೂ ಇರಬೇಕು. ಉಳಿದಂತೆ ‘ಆಪ್ತಸಮಾಲೋಚಕ’ ಎಂಬ ಹಲಗೆ ಇದೆಯಲ್ಲ, ಅದು ಬಹಳ ಅಗಲವಾದ ಹೆಸರು. ಅದರ ಕೆಳಗೆ ವರ್ಷಗಟ್ಟಲೆ ಕಲಿತು ನುರಿತ ಸಜ್ಜನರೂ ಕೂಡುತ್ತಾರೆ. ಕೆಲವು ವಾರದ ತರಬೇತಿಯ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದವರೂ ಕೂಡುತ್ತಾರೆ. ಸಮಾಲೋಚಕರನ್ನು ಮೊದಲಾಗಿಟ್ಟು ಇಂಥ ಅನೇಕ ವೃತ್ತಿಗಳನ್ನು ಒಂದು ಕಟ್ಟಿಗೆ ತರುವುದಕ್ಕಾಗಿ ೨೦೨೧ರಲ್ಲಿ ಸಂಲಗ್ನ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಶಾಸನವಾಯಿತು. ಆದರೂ ಎದುರಿಗೆ ಕುಳಿತವರ ವಿದ್ಯೆಯನ್ನು ವಿಚಾರಿಸಿಕೊಳ್ಳುವ ಭಾರ ಗೃಹಸ್ಥನದೇ. ‘ತಾವು ಎಲ್ಲಿ ಕಲಿತಿರಿ, ನಿಮ್ಮ ನೋಂದಣಿ ಸಂಖ್ಯೆ ಯಾವುದು, ನಮ್ಮಂಥ ತೊಂದರೆಯವರನ್ನು ಹಿಂದೆ ನೋಡಿರುವಿರಾ’ ಎಂಬ ಮೂರು ಮಾತುಗಳಲ್ಲಿ ಅವಿನಯವೇನೂ ಇಲ್ಲ. ನಿಜವಾಗಿ ಕಲಿತವರು ಇದಕ್ಕೆ ಸಂತೋಷದಿಂದಲೇ ಉತ್ತರ ಹೇಳುತ್ತಾರೆ. ಮುಖ ಗಂಟಿಕ್ಕಿದರೆ ಅಲ್ಲಿಂದ ಎದ್ದು ಬರುವುದು ಲೇಸು.

ಈ ವಿದ್ಯೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಷ್ಟು ಹಿಂದೆಯೇ ಮನಶ್ಶಾಸ್ತ್ರದ ವಿಭಾಗ ಏರ್ಪಟ್ಟಿತು. ಅದನ್ನು ಬೆಳೆಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ನುಡಿಸಿದವರೆಂಬುದು ವಾಚಕರಿಗೆ ನೆನಪಿರಬಹುದು. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನೆಲ್ಲ ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ವಿದ್ಯೆ ಹತ್ತಿರದಲ್ಲೇ ಇದೆ. ಅದನ್ನು ಮುಟ್ಟುವ ದಾರಿ ಮಾತ್ರ ಪಾವಗಡದವರಿಗೆ ಇಂದಿಗೂ ದೂರವೇ.

ಆ ದೂರವನ್ನೇ ಈಗ ನೋಡೋಣ. ಖಾಸಗಿ ಸಮಾಲೋಚಕರು ಹೆಚ್ಚಾಗಿ ಬೆಂಗಳೂರಿನಲ್ಲಿದ್ದಾರೆ. ಅಲ್ಲಿಂದ ಈಚೆಗೆ ತುಮಕೂರಿನಲ್ಲಿ ಕೆಲವರು. ತುಮಕೂರಿಗೆ ಕೊರಟಗೆರೆ ಸುಮಾರು ೨೭ ಕಿಲೋಮೀಟರು, ಮಧುಗಿರಿ ೪೩, ಸಿರಾ ೫೦ಕ್ಕೂ ಮೇಲೆ. ಮೂರು ಕಡೆ ಆಂಧ್ರದ ನೆಲವೇ ಸುತ್ತಿಕೊಂಡಿರುವ ಪಾವಗಡವಂತೂ ಸುಮಾರು ನೂರು ಕಿಲೋಮೀಟರು. ಕೊರಟಗೆರೆಯವರು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಪಾವಗಡದವರಿಗೆ ಒಂದು ಗಂಟೆಯ ಮಾತಿಗೆ ಒಂದು ಹಗಲೆಲ್ಲ ಬೇಕು.

ಲೆಕ್ಕವನ್ನು ಬರೆದೇ ನೋಡೋಣ. ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆ ಅಥವಾ ಒಂದು ಗಂಟೆಯ ಭೇಟಿಗೆ ೧,೦೦೦ ರೂಪಾಯಿಯಿಂದ ೩,೦೦೦ದವರೆಗೆ ಕೇಳುವುದು ಸಾಮಾನ್ಯ. ಅದಕ್ಕೆ ಮೇಲಿನವರೂ ಉಂಟು. ಜಿಲ್ಲೆಯ ಊರುಗಳಲ್ಲಿ ಇದಕ್ಕಿಂತ ಕಡಿಮೆ. ನಾವು ಲೆಕ್ಕಕ್ಕಾಗಿ ತುಮಕೂರಿನಲ್ಲಿ ಭೇಟಿಗೆ ೮೦೦ ರೂಪಾಯಿ ಎಂದೂ, ಒಟ್ಟು ಹತ್ತು ಭೇಟಿಗಳೆಂದೂ ಇಟ್ಟುಕೊಳ್ಳೋಣ. ಶುಲ್ಕ ೮,೦೦೦ ಆಯಿತು. ಗೃಹಸ್ಥನು ತನ್ನ ಮನಸ್ಸಿನಲ್ಲಿ ಬರೆದುಕೊಳ್ಳುವುದು ಈ ಒಂದು ಸಾಲನ್ನೇ. ಆದರೆ ಪಾವಗಡದಿಂದ ಹೋಗಿಬರುವ ಬಸ್ಸು, ಹೊರಗಿನ ಊಟ, ಕಾಫಿ ಎಲ್ಲ ಸೇರಿ ೩೫೦; ಆ ದಿನ ತಪ್ಪಿದ ಸಂಪಾದನೆ ೫೦೦. ಭೇಟಿಗೆ ೧,೬೫೦ರಂತೆ ಹತ್ತಕ್ಕೆ ೧೬,೫೦೦ ಆಯಿತು. ಒಬ್ಬರೇ ಹೋಗುವ ಸ್ಥಿತಿಯಲ್ಲಿಲ್ಲವೆಂದು ಮನೆಯವರೊಬ್ಬರು ಜೊತೆಗೆ ಹೊರಟರೆ ಅವರ ೩೫೦ನ್ನೂ ೫೦೦ನ್ನೂ ಸೇರಿಸಿ ಭೇಟಿಗೆ ೨,೫೦೦, ಹತ್ತಕ್ಕೆ ೨೫,೦೦೦. ಎಂಟು ಸಾವಿರದ ಚಿಕಿತ್ಸೆ ಎಂದು ಹೊರಟದ್ದು ಇಪ್ಪತ್ತೈದು ಸಾವಿರದಲ್ಲಿ ನಿಂತಿತು. ಇದರಲ್ಲಿ ಸಮಾಲೋಚಕರಿಗೆ ಸಂದದ್ದು ಮೂರನೆಯ ಒಂದು ಪಾಲಿಗೂ ಕಡಿಮೆ. ಅರ್ಧ ದಾರಿಯಲ್ಲಿ ಚಿಕಿತ್ಸೆ ನಿಲ್ಲುವುದಕ್ಕೆ ಸಮಾಲೋಚಕರ ಶುಲ್ಕಕ್ಕಿಂತ ಈ ದಾರಿಯ ಖರ್ಚೇ ಹೆಚ್ಚಾಗಿ ಕಾರಣವೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ೨೦೨೩ರ ಜೂನಿನಲ್ಲಿ ಪ್ರಾರಂಭವಾದ ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಉಳಿಯಿತೆಂಬುದು ನಿಜ. ಆದರೆ ಹಗಲು ಉಳಿಯಲಿಲ್ಲ. ಖಾಸಗಿ ಬಸ್ಸು ಹತ್ತಿದರೆ ಟಿಕೆಟ್ಟಿನ ಹಣವೂ ಉಳಿಯದು.

ಹತ್ತು ಭೇಟಿ ಎಂದು ನಾವು ಬರೆದದ್ದು ಕೇವಲ ಊಹೆಯ ಮಾತಲ್ಲ. ಖಿನ್ನತೆ, ಭಯ, ಗಾಬರಿ ಮೊದಲಾದವುಗಳಿಗೆ ಈಗ ಹೆಚ್ಚಾಗಿ ನಡೆಯುವ, ಆಲೋಚನೆ ನಡತೆಗಳನ್ನು ತಿದ್ದುವ ಚಿಕಿತ್ಸೆಗೆ ಎಂಟರಿಂದ ಹದಿನಾರರವರೆಗೆ ಭೇಟಿಗಳು ಬೇಕಾಗುವುದು ಸಾಮಾನ್ಯ. ಕೆಲವರಿಗೆ ನಾಲ್ಕರಲ್ಲೇ ಹಗುರವಾದೀತು. ಬಾಲ್ಯದಿಂದ ಬಂದ ನೋವಿದ್ದವರಿಗೆ ವರ್ಷವೂ ಹಿಡಿದೀತು. ಮೊದಲಲ್ಲಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕಡೆಗೆ ತಿಂಗಳಿಗೊಮ್ಮೆ ಎಂದು ಅಂತರವನ್ನು ಹೆಚ್ಚಿಸುತ್ತ ಹೋಗುವುದು ವಾಡಿಕೆ. ‘ನಮ್ಮ ವಿಷಯದಲ್ಲಿ ಸುಮಾರು ಎಷ್ಟು ಭೇಟಿ ಬೇಕಾದೀತು? ನಾಲ್ಕು ಭೇಟಿಯಾದ ಮೇಲೆ ಗುಣ ಕಾಣುತ್ತಿದೆಯೋ ಇಲ್ಲವೋ ಎಂಬುದನ್ನು ಒಟ್ಟಿಗೆ ಕುಳಿತು ನೋಡೋಣವೆ?’ ಎಂದು ಮೊದಲ ದಿನವೇ ಕೇಳತಕ್ಕದ್ದು. ಇಂತಿಷ್ಟೇ ಎಂದು ಪ್ರಮಾಣ ಮಾಡಿ ಹೇಳುವವರನ್ನು ನಂಬಬೇಡಿರಿ. ಏನನ್ನೂ ಹೇಳಲೊಲ್ಲದವರನ್ನೂ ನಂಬಬೇಡಿರಿ. ಕೊಳವೆಬಾವಿಯ ಉಪಮಾನ ಇಲ್ಲಿಯೂ ಒದಗುತ್ತದೆ. ನಾವು ಹಣ ಕೊಡುವುದು ತೋಡಿದ ಅಡಿಗೆ, ನೀರಿಗಲ್ಲ. ಹಾಗೆಯೇ ಸಮಾಲೋಚಕರಿಗೆ ಕೊಡುವುದು ಅವರ ಹೊತ್ತಿಗೂ ವಿದ್ಯೆಗೂ. ‘ಗುಣ ಖಂಡಿತ’ ಎಂದು ಜಾಹೀರಾತು ಹಾಕಿದವರು ಮಾರುತ್ತಿರುವುದು ಬೇರೆ ಏನನ್ನೋ.

ಇಷ್ಟು ವೆಚ್ಚಕ್ಕೆ ಕೈಹಾಕುವ ಮೊದಲು ಹಣವಿಲ್ಲದ ಬಾಗಿಲುಗಳನ್ನು ತಿಳಿದಿರಬೇಕು. ೧೯೮೫ರ ಸುಮಾರಿಗೆ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಮೇಲೆ ನಮ್ಮ ಜಿಲ್ಲೆಯದೇ ಆದ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯದಂಥ ಕಠಿನ ರೋಗದವರಿಗೂ ಊರಿನ ಸಮೀಪದಲ್ಲೇ ಚಿಕಿತ್ಸೆ ಒದಗಿಸುವ ಕೆಲಸವನ್ನು ಅದೇ ಸಂಸ್ಥೆಯವರು ಮಾಡಿದರು. ಇಂದು ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಗೊತ್ತಾದ ಮಂಗಳವಾರಗಳಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ಎಂಬ ಏರ್ಪಾಡನ್ನೂ ಕರ್ನಾಟಕ ಸರ್ಕಾರ ಮಾಡಿದೆ. ಯಾವ ಮಂಗಳವಾರ ಎಂಬುದನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ತಿಳಿದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿರಿ. ೨೦೨೨ರ ಅಕ್ಟೋಬರ್ ೧೦ರಂದು ಪ್ರಾರಂಭವಾದ ‘ಟೆಲಿ-ಮಾನಸ್’ನ ೧೪೪೧೬ ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು, ಖರ್ಚಿಲ್ಲ, ಕನ್ನಡ, ತೆಲುಗು ಮೊದಲಾದ ಹಲವು ಭಾಷೆಗಳಲ್ಲಿ ಮಾತಾಡುವವರಿದ್ದಾರೆ. ಬೆಂಗಳೂರಿಗೆ ಹೋಗಿಬರುವ ಅನುಕೂಲವಿದ್ದವರು ಬಿ.ಟಿ.ಎಂ. ಬಡಾವಣೆಯಲ್ಲಿ ನಿಮ್ಹಾನ್ಸಿನವರೇ ಇಟ್ಟಿರುವ ಸಮಾಲೋಚನೆಯ ಕೇಂದ್ರವನ್ನು ವಿಚಾರಿಸಬಹುದು. ಮನಸ್ಸಿನ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಅಸಂಖ್ಯ ಪುಸ್ತಕಗಳನ್ನು ಬರೆದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ‘ಸಮಾಧಾನ’ ಎಂಬ ಹೆಸರಿನಲ್ಲಿ ಉಚಿತ ಸಮಾಲೋಚನೆಯನ್ನು ನಡೆಸಿಕೊಂಡು ಬಂದುದೂ ಅದೇ ನಗರದಲ್ಲಿ.

ಹಾಗಾದರೆ ಖಾಸಗಿಯವರಲ್ಲಿಗೆ ಹೋಗುವುದೇತಕ್ಕೆ ಎಂದು ಕೇಳಬಹುದು. ಸರ್ಕಾರದ ಆಸ್ಪತ್ರೆಯಲ್ಲಿ ರೋಗದ ಪರೀಕ್ಷೆಯೂ ಔಷಧವೂ ಚೆನ್ನಾಗಿ ಆಗುತ್ತವೆ; ಆದರೆ ಸಾಲು ಉದ್ದ, ವೈದ್ಯರಿಗೆ ಹೊತ್ತು ಕಡಿಮೆ. ಒಂದು ಗಂಟೆ ಕುಳಿತು ಕೇಳುವ ಕಿವಿ, ವಾರ ವಾರವೂ ಅದೇ ಮನುಷ್ಯ, ಸಾಲಿನಲ್ಲಿ ಪರಿಚಿತರು ಎದುರಾಗದ ಗೋಪ್ಯ, ಈ ಮೂರಕ್ಕಾಗಿ ಖಾಸಗಿಯವರಿಗೆ ಹಣ ಕೊಡುವುದು. ಇವು ಬೇಕಿಲ್ಲದ ಕಡೆ ಕೊಡಬೇಕಾದುದಿಲ್ಲ. ಎರಡನ್ನೂ ಕೂಡಿಸಿಕೊಂಡು, ಪರೀಕ್ಷೆಗೂ ಔಷಧಕ್ಕೂ ತಾಲ್ಲೂಕು ಆಸ್ಪತ್ರೆ, ಮಾತಿಗೆ ಖಾಸಗಿ ಸಮಾಲೋಚಕರು ಎಂದು ನಡೆಸಿಕೊಂಡರೆ ವೆಚ್ಚ ಬಹಳ ಇಳಿಯುತ್ತದೆ.

ಇನ್ನು ಪಾವಗಡದ ಶನಿಮಹಾತ್ಮನ ಸನ್ನಿಧಿಗೂ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೂ, ಸಿದ್ಧರಬೆಟ್ಟಕ್ಕೂ ಮನಸ್ಸು ನೊಂದವರು ಹೋಗುವುದುಂಟಷ್ಟೆ. ಹೋಗಲಿ, ಅಲ್ಲಿ ಸಿಕ್ಕುವ ಧೈರ್ಯವನ್ನು ಹಳಿಯುವುದಕ್ಕೆ ನಾವು ಹೊರಟಿಲ್ಲ. ದೇವರ ಹೆಸರು ಹೇಳಿ ಸಾವಿರಾರು ರೂಪಾಯಿಗಳ ತಾಯಿತ ಕಟ್ಟುವವರಿಗೆ ಚೌಕಾಸಿಯಿಲ್ಲದೆ ಕೊಟ್ಟು, ಆಮೇಲೆ ಸಮಾಲೋಚಕರ ಎಂಟುನೂರಕ್ಕೆ ಮೂಗು ಮುರಿಯುವುದು ಮಾತ್ರ ನ್ಯಾಯವಲ್ಲ ಎಂದಷ್ಟೇ ನಮ್ಮ ಮಾತು.

ಕರಾರುಗಳ ವಿಷಯಕ್ಕೆ ಬರೋಣ. ಗೊತ್ತಾದ ಹೊತ್ತಿಗೆ ಹೋಗಲಾಗದಿದ್ದರೆ ಏನು ಎಂಬುದು ಮೊದಲನೆಯ ಪ್ರಶ್ನೆ. ಹೆಚ್ಚಿನ ಖಾಸಗಿ ಸಮಾಲೋಚಕರು ೨೪ ಗಂಟೆ ಮುಂಚೆ ತಿಳಿಸಬೇಕೆಂದೂ, ತಿಳಿಸದಿದ್ದರೆ ಆ ಭೇಟಿಯ ಶುಲ್ಕವನ್ನು ಪೂರ್ತಿಯಾಗಿ ಅಥವಾ ಅರ್ಧವಾಗಿ ಕೊಡಬೇಕೆಂದೂ ನಿಯಮ ಮಾಡಿರುತ್ತಾರೆ. ಆ ಒಂದು ಗಂಟೆಯನ್ನು ಅವರು ನಿಮಗಾಗಿ ಮೀಸಲಿಟ್ಟು ಬೇರೆಯವರನ್ನು ತಿರುಗಿಸಿ ಕಳುಹಿಸಿದ್ದಾರಾದುದರಿಂದ ಇದು ಅನ್ಯಾಯವಲ್ಲ. ಆದರೆ ಹಳ್ಳಿಯ ದಾರಿಯಲ್ಲಿ ಬಸ್ಸು ಕೆಟ್ಟು ನಿಲ್ಲುವುದನ್ನೂ, ಹಸು ಈಯುವುದನ್ನೂ, ಮನೆತನದಲ್ಲಿ ಸಾವಾಗುವುದನ್ನೂ ೨೪ ಗಂಟೆ ಮುಂಚೆ ಯಾರು ಬಲ್ಲರು? ‘ನಾವು ನೂರು ಕಿಲೋಮೀಟರಿನಿಂದ ಬರುವವರು, ದಾರಿಯಲ್ಲಿ ತಡವಾದರೆ ಆ ದಿನವೇ ಫೋನಿನಲ್ಲಿ ಮಾತಾಡಬಹುದೆ?’ ಎಂದು ಮೊದಲೇ ಕೇಳಿಟ್ಟರೆ ಅನೇಕರು ಒಪ್ಪುತ್ತಾರೆ. ತಡವಾಗಿ ಹೋದರೆ ಉಳಿದ ಹೊತ್ತು ಮಾತ್ರ ಸಿಕ್ಕುವುದೆಂಬುದನ್ನೂ, ಶುಲ್ಕ ಇಳಿಯದೆಂಬುದನ್ನೂ ತಿಳಿದಿರಬೇಕು. ಸಮಾಲೋಚಕರೇ ಭೇಟಿಯನ್ನು ತಪ್ಪಿಸಿದರೆ ಏನು ಎಂದು ಕೇಳುವವರನ್ನು ನಾವು ಕಂಡುದು ಕಡಿಮೆ. ಕೇಳಬೇಕು, ನಿಯಮ ಎರಡು ಕಡೆಗೂ ಇರುವುದು ಚಂದ.

ಮುಂಗಡದ ಮಾತು ಇನ್ನೊಂದು. ಹತ್ತು ಭೇಟಿಗಳ ಹಣವನ್ನು ಒಟ್ಟಿಗೆ ಕಟ್ಟಿದರೆ ಎರಡು ಉಚಿತ ಎಂಬಂಥ ಕಟ್ಟುಗಳು ಬಂದಿವೆ. ಮೊದಲ ಭೇಟಿಯಲ್ಲಿಯೇ ಇದಕ್ಕೆ ಕೈಕೊಡುವುದು ಬೇಡವೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಸಮಾಲೋಚಕರೊಡನೆ ಮನಸ್ಸು ಹೊಂದಿಕೊಳ್ಳುವುದೋ ಇಲ್ಲವೋ ಎಂಬುದು ಎರಡು ಮೂರು ಭೇಟಿಗಳಾಗುವವರೆಗೆ ತಿಳಿಯದು; ಹೊಂದದಿದ್ದರೆ ಬೇರೆಯವರನ್ನು ಹುಡುಕುವುದರಲ್ಲಿ ದೋಷವಿಲ್ಲ. ಕಟ್ಟಿದ ಹಣ ಹಿಂದಕ್ಕೆ ಬಾರದೆಂಬ ಚಿಂತೆಯಿಂದ ಹೊಂದದ ಕಡೆಯೇ ಕುಳಿತಿರುವುದು ಚಿಕಿತ್ಸೆಯಲ್ಲ. ಇದಕ್ಕೆ ಬದಲಾಗಿ ಕೇಳಬೇಕಾದದ್ದು ವರಮಾನಕ್ಕೆ ತಕ್ಕ ದರ. ಉಳ್ಳವರಿಂದ ಪೂರ್ತಿ ತೆಗೆದುಕೊಂಡು ಇಲ್ಲದವರಿಗೆ ಕಡಿಮೆ ಮಾಡುವ ಪದ್ಧತಿಯನ್ನು ಅನೇಕ ಸಮಾಲೋಚಕರು ಇಟ್ಟುಕೊಂಡಿದ್ದಾರೆ. ಆದರೆ ಬೋರ್ಡಿನ ಮೇಲೆ ಬರೆಯುವುದಿಲ್ಲ, ಕೇಳಿದವರಿಗೆ ಹೇಳುತ್ತಾರೆ. ಕಡಲೆಕಾಯಿಯ ಬೆಳೆ ಕೈಕೊಟ್ಟ ವರ್ಷ ಹೀಗೆ ಕೇಳುವುದರಲ್ಲಿ ಮಾನ ಹೋಗುವುದೇನೂ ಇಲ್ಲ. ಮೊದಲ ಭೇಟಿಗೆ ಶುಲ್ಕ ಹೆಚ್ಚೋ, ಪರೀಕ್ಷೆಗಳಿಗೆ ಬೇರೆ ಹಣವೋ, ಶಾಲೆಗೋ ಕೋರ್ಟಿಗೋ ಪತ್ರ ಬರೆದುಕೊಟ್ಟರೆ ಅದಕ್ಕೆಷ್ಟು, ನಡುವೆ ಫೋನು ಮಾಡಿದರೆ ಲೆಕ್ಕವೆಷ್ಟು ಎಂಬ ಸಣ್ಣ ಸಂಗತಿಗಳನ್ನೂ ಅದೇ ಉಸಿರಿನಲ್ಲಿ ಕೇಳಿ, ಪ್ರತಿ ಸಲವೂ ರಸೀತಿ ಪಡೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಹಣಕ್ಕಿಂತ ಹಿರಿದಾದ ಕರಾರೊಂದು ಉಳಿಯಿತು. ನಮ್ಮ ಮನೆಗಳಲ್ಲಿ ಚಿಕಿತ್ಸೆಗೆ ಹೋಗುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು. ಸೊಸೆ ಹೋಗುತ್ತಾಳೆ, ಮಾವನವರು ಕೊಡುತ್ತಾರೆ. ಮಗ ಹೋಗುತ್ತಾನೆ, ತಂದೆ ಕೊಡುತ್ತಾರೆ. ಕೊಟ್ಟವರಿಗೆ ಒಳಗೆ ಏನು ಮಾತಾಯಿತೆಂದು ಕೇಳುವ ಹಕ್ಕಿದೆಯೆ? ನಮ್ಮ ಗೃಹಸ್ಥರಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದೆಯೆಂದೇ ತಿಳಿದಾರು. ಮಗಳನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದರೆ ‘ಏನು ರೋಗ’ ಎಂದು ಕೇಳುವುದಿಲ್ಲವೆ ಎನ್ನುತ್ತಾರೆ. ಆದರೆ ಪ್ರಾಪ್ತವಯಸ್ಸಿನವರ ವಿಷಯದಲ್ಲಿ ಈ ಹಕ್ಕು ಇಲ್ಲ. ೨೦೧೭ರಲ್ಲಿ ಅಂಗೀಕಾರವಾಗಿ ೨೦೧೮ರ ಮೇ ೨೯ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯಪಾಲನಾ ಶಾಸನದ ೨೩ನೆಯ ಪ್ರಕರಣ ರೋಗಿಗೆ ಗೋಪ್ಯದ ಹಕ್ಕನ್ನು ಕೊಟ್ಟಿದೆ. ಹಣ ಯಾರದೆಂದು ಅದು ಕೇಳುವುದಿಲ್ಲ.

ಇದು ಕೇವಲ ಕಾನೂನಿನ ಮಾತೂ ಅಲ್ಲ. ಸೊಸೆಯ ನಿದ್ರೆಗೇಡಿಗೆ ಕಾರಣ ಆ ಮನೆಯೊಳಗೇ ಇದ್ದೀತು. ತಾನಾಡಿದ ಮಾತು ಸಂಜೆಗೆ ಅತ್ತೆಯ ಕಿವಿಗೆ ಬೀಳುವುದೆಂದು ತಿಳಿದರೆ ಅವಳು ಒಳಗೆ ಹೋಗಿ ಹವಾಮಾನದ ವಿಚಾರ ಮಾತಾಡಿ ಬಂದಾಳು. ಎಂಟುನೂರು ರೂಪಾಯಿ ಕೊಟ್ಟು ಹವಾಮಾನ ಕೇಳಿಸಿದಂತಾಯಿತು. ಆದುದರಿಂದ ಹಿರಿಯರು ತಮ್ಮ ಹಣ ವ್ಯರ್ಥವಾಗಬಾರದೆಂದಿದ್ದರೆ ಮಾಡಬೇಕಾದ ಮೊದಲ ಕೆಲಸವೆಂದರೆ, ಸಮಾಲೋಚಕರ ಎದುರಿನಲ್ಲೇ, ಚಿಕಿತ್ಸೆಗೆ ಬಂದವರ ಎದುರಿನಲ್ಲೇ, ‘ನಾನು ಹಣ ಕೊಡುತ್ತೇನೆ, ಒಳಗಿನ ಮಾತನ್ನು ಕೇಳುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು. ಹೇಳಿದಂತೆ ಬಸ್ಸಿನಲ್ಲಿ ಬರುವಾಗಲೂ ಕೇಳದಿರುವುದು. ಎರಡನೆಯದು ಹೆಚ್ಚು ಕಷ್ಟ. ಇಡೀ ಮನೆಯವರೇ ಕುಳಿತು ಮಾತಾಡಬೇಕಾದ ಸಂಗತಿಗಳಿದ್ದರೆ ಅದಕ್ಕೆ ಎಲ್ಲರೂ ಕೂಡುವ ಭೇಟಿ ಎಂಬುದೇ ಬೇರೆ ಉಂಟು. ಅದನ್ನು ಬೇಕೆಂದು ಕೇಳಬಹುದು.

ಗೋಪ್ಯಕ್ಕೂ ಎಲ್ಲೆಗಳಿವೆ; ಅವನ್ನು ಒಳ್ಳೆಯ ಸಮಾಲೋಚಕರು ಮೊದಲ ದಿನವೇ ತಿಳಿಸುತ್ತಾರೆ. ಬಂದವರು ತಮ್ಮ ಪ್ರಾಣಕ್ಕೋ ಇತರರ ಪ್ರಾಣಕ್ಕೋ ಅಪಾಯ ತಂದುಕೊಳ್ಳುವ ಸೂಚನೆಯಿದ್ದರೆ ಮನೆಯವರಿಗೆ ತಿಳಿಸುತ್ತಾರೆ. ನ್ಯಾಯಾಲಯ ಅಪ್ಪಣೆ ಮಾಡಿದರೆ ಹೇಳಲೇಬೇಕಾಗುತ್ತದೆ. ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದರೆ ೨೦೧೨ರ ಪೋಕ್ಸೊ ಶಾಸನದಂತೆ ಪೊಲೀಸರಿಗೆ ವರದಿಮಾಡುವುದು ಕಡ್ಡಾಯ. ಹದಿನೆಂಟು ವರ್ಷಕ್ಕೆ ಕಿರಿಯರಾದವರ ಚಿಕಿತ್ಸೆಗೆ ತಂದೆತಾಯಿಗಳ ಒಪ್ಪಿಗೆ ಬೇಕು; ಯಾವುದನ್ನು ತಂದೆತಾಯಿಗೆ ಹೇಳುವುದು, ಯಾವುದನ್ನು ಹೇಳದಿರುವುದು ಎಂಬುದನ್ನು ಮಗುವಿನ ಎದುರಿನಲ್ಲೇ ಮೊದಲು ಒಪ್ಪಂದ ಮಾಡಿಕೊಂಡರೆ ಮುಂದೆ ಯಾರಿಗೂ ಮೋಸವಾದಂತಾಗದು. ಆತ್ಮಹತ್ಯೆಯ ಪ್ರಯತ್ನ ಅಪರಾಧವೆಂದು ಹೆದರಿ ಬಾಯಿಮುಚ್ಚಿಕೊಳ್ಳುವ ಮನೆಗಳು ಇನ್ನೂ ಇವೆ. ಹಳೆಯ ದಂಡಸಂಹಿತೆಯ ಆ ೩೦೯ನೆಯ ಪ್ರಕರಣ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ.

ಸಾಯುವ ಮಾತು ಬಂದ ಮನೆಯಲ್ಲಿ ಶುಲ್ಕ, ಭೇಟಿ, ಕರಾರು ಎಂದು ಕುಳಿತಿರತಕ್ಕದ್ದಲ್ಲ. ಹೊಲಕ್ಕೆ ತಂದ ಕೀಟನಾಶಕದ ಡಬ್ಬಿಗಳನ್ನು ಆ ಗಳಿಗೆಯೇ ಮನೆಯಿಂದ ಹೊರಸಾಗಿಸಿ, ಅವರನ್ನು ಒಂಟಿಯಾಗಿ ಬಿಡದೆ, ೧೪೪೧೬ಕ್ಕೆ ಫೋನುಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಹನವಿಲ್ಲದಿದ್ದರೆ ೧೦೮ ಇದೆ.

ವಿಮೆಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ದೇಹದ ರೋಗಕ್ಕೆ ಕೊಡುವಂತೆಯೇ ಮನಸ್ಸಿನ ರೋಗಕ್ಕೂ ವಿಮೆಯ ಕಂಪೆನಿಗಳು ಕೊಡಬೇಕೆಂದು ೨೦೧೭ರ ಶಾಸನವೇ ಹೇಳಿದೆ. ೨೦೧೮ರ ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಅವರಿಗೆ ಆಜ್ಞೆ ಮಾಡಿತು. ಆದರೆ ಬಹುಪಾಲು ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದವರ ಖರ್ಚನ್ನು ಮಾತ್ರ ಕೊಡುತ್ತವೆ. ಕುಳಿತು ಮಾತಾಡಿ ಬರುವ ಭೇಟಿಗಳ ಶುಲ್ಕ ಬರಬೇಕಾದರೆ ಪಾಲಿಸಿಯಲ್ಲಿ ಹೊರರೋಗಿಯ ಚಿಕಿತ್ಸೆ ಎಂಬ ಬಾಬು ಸ್ಪಷ್ಟವಾಗಿ ಇರಬೇಕು. ಮಗನೋ ಮಗಳೋ ಬೆಂಗಳೂರಿನ ದೊಡ್ಡ ಕಂಪೆನಿಯಲ್ಲಿದ್ದರೆ, ನೌಕರರಿಗೂ ಮನೆಯವರಿಗೂ ಕೆಲವು ಭೇಟಿಗಳನ್ನು ಕಂಪೆನಿಯೇ ಕೊಡಿಸುವ ಏರ್ಪಾಡು ಇದೆಯೇ ಎಂದು ವಿಚಾರಿಸಲಿ. ಎಷ್ಟೋ ಕಡೆ ಇದ್ದೂ ಯಾರೂ ಬಳಸುವುದಿಲ್ಲ.

ದಾರಿಯ ಖರ್ಚನ್ನು ತಪ್ಪಿಸುವ ಇನ್ನೊಂದು ಉಪಾಯ ಫೋನಿನ ಅಥವಾ ವಿಡಿಯೋದ ಸಮಾಲೋಚನೆ. ಮೇಲಿನ ಲೆಕ್ಕದಲ್ಲಿ ೨೫,೦೦೦ ಇದ್ದದ್ದು ಇದರಿಂದ ಹೆಚ್ಚುಕಡಮೆ ೮,೦೦೦ಕ್ಕೇ ಇಳಿಯುತ್ತದೆ. ಮೊದಲ ಒಂದೆರಡು ಸಲ ಎದುರುಬದುರು ಕಂಡು, ಆಮೇಲೆ ಫೋನಿಗೆ ಬದಲಾಯಿಸಿಕೊಳ್ಳುವುದು ನಮ್ಮ ತಾಲ್ಲೂಕುಗಳವರಿಗೆ ಎಲ್ಲಕ್ಕಿಂತ ಅನುಕೂಲವಾದ ಕ್ರಮವೆಂದು ತೋರುತ್ತದೆ. ತೊಡಕು ಇರುವುದು ಮನೆಯಲ್ಲಿ. ಆರು ಜನ ಇರುವ ಮೂರಂಕಣದ ಮನೆಯಲ್ಲಿ ಒಂದು ಗಂಟೆ ಬಾಗಿಲು ಮುಚ್ಚಿಕೊಂಡು ಮಾತಾಡುವ ಕೋಣೆ ಯಾವುದು? ಮಾಳಿಗೆ, ತೋಟದ ಪಂಪುಸೆಟ್ಟಿನ ಮನೆ, ಮಕ್ಕಳು ಶಾಲೆಗೆ ಹೋದ ಹೊತ್ತಿನ ನಡುಮನೆ, ಹೀಗೆ ಒಂದನ್ನು ಗೊತ್ತುಮಾಡಿ ಆ ಹೊತ್ತಿ‍ಗೆ ಅಲ್ಲಿ ಯಾರೂ ಸುಳಿಯದಂತೆ ಮನೆಯ ಯಜಮಾನಿಯೇ ಕಾವಲಿದ್ದರೆ ಅದು ನಿಜವಾದ ಉಪಕಾರ. ನಡುವೆ ಸಿಗ್ನಲ್ ಹೋದರೆ ಯಾರು ಯಾರಿಗೆ ಫೋನು ಮಾಡಬೇಕು, ಕಳೆದ ಹೊತ್ತು ಯಾರ ಲೆಕ್ಕಕ್ಕೆ ಎಂಬುದನ್ನೂ ಕೇಳಿಡಿ. ಭಾಷೆಯನ್ನೂ ಮರೆಯಬೇಡಿ. ಪಾವಗಡದಲ್ಲಿ ತೆಲುಗನ್ನೂ ಸಿರಾದಲ್ಲಿ ಉರ್ದುವನ್ನೂ ಮನೆಮಾತಾಗಿ ಆಡುವವರು ಬಹಳ. ಸಂಕಟವನ್ನು ಯಾವ ಮಾತಿನಲ್ಲಿ ಅಳುತ್ತೇವೆಯೋ ಆ ಮಾತನ್ನು ಬಲ್ಲವರು ಸಿಕ್ಕಿದರೆ ಭೇಟಿಗಳ ಸಂಖ್ಯೆಯೇ ಕಡಿಮೆಯಾದೀತು.

ನಿಲ್ಲಿಸುವ ಬಗೆಗೂ ಒಂದು ಮಾತು. ಹಣದ ಅಡಚಣೆಯಿಂದಲೇ ನಿಲ್ಲಿಸಬೇಕಾಗಿ ಬಂದರೂ ಸುಮ್ಮನೆ ಮರೆಯಾಗದೆ ‘ಇನ್ನು ಒಂದೇ ಸಲ ಬರಬಲ್ಲೆವು’ ಎಂದು ಹೇಳಿರಿ. ಆ ಕಡೆಯ ಭೇಟಿಯಲ್ಲಿ ಮನೆಯಲ್ಲೇ ಮುಂದುವರಿಸಬೇಕಾದ ಅಭ್ಯಾಸಗಳೇನು, ಯಾವ ಲಕ್ಷಣ ಮತ್ತೆ ಕಂಡರೆ ಎಚ್ಚರವಾಗಬೇಕು, ಸರ್ಕಾರದ ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು ಎಂಬುದನ್ನು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಬೇಕು. ಔಷಧ ನಡೆಯುತ್ತಿದ್ದರೆ ಅದನ್ನು ವೈದ್ಯರ ಮಾತಿಲ್ಲದೆ ಇದರೊಂದಿಗೇ ನಿಲ್ಲಿಸಕೂಡದು. ತನ್ನ ಚಿಕಿತ್ಸೆಯ ದಾಖಲೆಗಳನ್ನು ನೋಡುವ ಹಕ್ಕನ್ನು ಶಾಸನ ರೋಗಿಗೆ ಕೊಟ್ಟಿರುವುದರಿಂದ ಆ ಹಾಳೆಯನ್ನು ಕೇಳುವುದು ದಾಕ್ಷಿಣ್ಯದ ಸಂಗತಿಯಲ್ಲ. ಮುಂದೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಮೊದಲಿನಿಂದ ಎಲ್ಲವನ್ನೂ ಹೇಳುವ ಕಷ್ಟವನ್ನು ಆ ಒಂದು ಹಾಳೆ ತಪ್ಪಿಸುತ್ತದೆ. ಮುಂಗಡದಲ್ಲಿ ಉಳಿದ ಹಣವೇನಾದರೂ ಇದ್ದರೆ ಅದನ್ನೂ ಅದೇ ದಿನ, ರಸೀತಿಗಳನ್ನು ಮುಂದಿಟ್ಟು, ಕೇಳಿ ಪಡೆದುಕೊಳ್ಳಬಹುದು.